ಪ್ರಶಸ್ತಿಯ ಹಣ ಯಾರಿಗೆ?

1980ರಲ್ಲಿ ಮೌಲಾನಾ ಅಬುಲ್ ಹಸನ್ ಅಲಿ ನದ್ವಿಯವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ದೊರೆಯಿತು. ಅರ್ಧ ಹಣವನ್ನು ಅವರು ಅಫ್ಘಾನ್ ನಿರಾಶ್ರಿತರಿಗೂ ಉಳಿದುದನ್ನು ಮಕ್ಕಾದ ವಿದ್ಯಾಸಂಸ್ಥೆಗಳಿಗೂ ಕೊಟ್ಟುಬಿಟ್ಟರು. ಕೇಳಿದರೆ ಹೃದಯ ತುಂಬಿ ಬರುತ್ತದೆ. ಆದರೆ ಪ್ರಶಸ್ತಿ ಪಡೆದವರೆಲ್ಲರೂ ಹೀಗೆಯೇ ಮಾಡಬೇಕೆಂದು ನಾವು ಹೇಳಬಹುದೇ?

ಪ್ರವಾದಿವರ್ಯರು(ಸ) ಒಮ್ಮೆ ಹ. ಉಮರ್(ರ)ರಿಗೆ ಧನ ಕೊಡಹೋದಾಗ, ತನಗಿಂತ ಹೆಚ್ಚು ಅಗತ್ಯವಿರುವವರಿಗೆ ಕೊಡಿರೆಂದು ಉಮರ್(ರ) ವಿನಂತಿಸಿದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಬೇಡದೆ, ಆಸೆಪಡದೆ ಬಂದುದನ್ನು ಸ್ವೀಕರಿಸಬೇಕು, ಬಳಿಕ ಇಟ್ಟುಕೊಳ್ಳಬಹುದು ಅಥವಾ ದಾನ ಮಾಡಬಹುದು ಎಂಬುದು ಬುಖಾರಿ, ಮುಸ್ಲಿಮ್‌ಗಳಲ್ಲಿರುವ ಆ ಉತ್ತರದ ಸಾರ. ಆಯ್ಕೆ ಪಡೆದವನದೇ. (ಶಿಫಾರಸು ಹಿಡಿದು ಗಿಟ್ಟಿಸಿದ ಪ್ರಶಸ್ತಿಯ ವಿಷಯ ಬೇರೆ!)

ಆದರೆ ನಾವೇನು ಮಾಡುತ್ತೇವೆ? ಪ್ರಶಸ್ತಿ ಘೋಷಣೆಯಾದ ಸಂಜೆಯೇ ರಸೀದಿ ಪುಸ್ತಕ ಹಿಡಿದು ಅವನ ಮನೆಗೆ ಹೊರಡುತ್ತೇವೆ. ಅವನಿಗೆ ಸಾಲವಿದೆಯೇ, ಮದುವೆಗೆ ಬಂದ ಮಗಳಿದ್ದಾಳೆಯೇ ಎಂದು ವಿಚಾರಿಸುವುದಿಲ್ಲ. ಕೊಡದಿದ್ದರೆ ಜಿಪುಣನೆಂಬ ಹೆಸರು. ನಿಸಾಬ್ ಮುಟ್ಟಿದ ಹಣ ವರ್ಷವಿಡೀ ಉಳಿದರೆ ಶೇಕಡಾ 2.5 ಝಕಾತ್ ಕಡ್ಡಾಯ. ಉಳಿದ ದಾನ ಅವನಿಗೂ ಅಲ್ಲಾಹನಿಗೂ ಬಿಟ್ಟದ್ದು.

ರೋಗಶಯ್ಯೆಯಲ್ಲಿದ್ದ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ತನ್ನ ಸಂಪತ್ತಿನ ಮೂರನೇ ಎರಡು ಪಾಲನ್ನು ದಾನ ಮಾಡಬಯಸಿದ್ದರು. ವಾರಸುದಾರರು ಜನರ ಮುಂದೆ ಕೈಚಾಚುವಂತಾಗಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಕೊನೆಗೆ ಮೂರನೇ ಒಂದಕ್ಕೆ ಒಪ್ಪಿದರು. ಅದೂ ಹೆಚ್ಚೇ ಎಂದರು.