ಹೊಣೆ ನಿಂತ ಮಗು

ಜವಾಬ್ದಾರಿ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅದರೊಳಗೆ ‘ಜವಾಬು’, ಅಂದರೆ ಉತ್ತರ, ಅಡಗಿದೆ ಎಂಬುದನ್ನು ನೆನೆಯುವುದು ಕಡಿಮೆ. ಮಲಯಾಳದಲ್ಲಿ ಇದಕ್ಕೆ ‘ಉತ್ತರವಾದಿತ್ತಂ’ ಎನ್ನುತ್ತಾರೆ. ಅಲ್ಲಿಯೂ ಉತ್ತರವೇ ಬುನಾದಿ. ಕೇಳಿದಾಗ ಉತ್ತರ ಕೊಡಬಲ್ಲವನು ಜವಾಬ್ದಾರ ಎಂಬ ತಿಳಿವಳಿಕೆ ಎರಡು ಭಾಷೆಗಳಲ್ಲೂ ಇದೆ. ಕನ್ನಡದ ಹಳೆಯ ಮಾತಾದ ‘ಹೊಣೆ’ಗೆ ಇನ್ನೊಂದು ಅರ್ಥವೂ ಇದೆ. ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನಾಗುವುದನ್ನು ಹೊಣೆ ನಿಲ್ಲುವುದು ಎನ್ನುತ್ತೇವೆ. ಉತ್ತರ ಕೊಡುವುದಕ್ಕೂ ಹೊಣೆ ನಿಲ್ಲುವುದಕ್ಕೂ ಇರುವ ಅಂತರವನ್ನು ನಾನು ಯೋಚಿಸುವಂತಾದುದು ಹದಿನೈದು ವರ್ಷದ ಹುಡುಗಿಯೊಬ್ಬಳ ಪ್ರಕರಣದಿಂದ.

ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗ್ ನಮ್ಮ ಕರಾವಳಿಗೆ ದೂರದ ವಿದ್ಯೆ. ಮೀನಿನ ಪೆಟ್ಟಿಗೆಯ ಐಸನ್ನು ಬಿಟ್ಟರೆ ಬೇರೆ ಮಂಜುಗಡ್ಡೆ ಕಾಣದ ನಮಗೆ ಅದರ ಸೂಕ್ಷ್ಮಗಳು ತಿಳಿಯುವುದು ಕಷ್ಟ. ಆದರೆ 2022ರ ಫೆಬ್ರವರಿಯಲ್ಲಿ ಬೀಜಿಂಗಿನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಡೆದುದನ್ನು ಅರಿಯಲು ಆ ಸೂಕ್ಷ್ಮಗಳು ಬೇಕಾಗಿಲ್ಲ. ರಶಿಯಾದ ಕಜಾನಿನಲ್ಲಿ ಹುಟ್ಟಿದ ಕಮಿಲಾ ವಲಿಯೆವಾ ಫೆಬ್ರವರಿ 7ರಂದು ತಂಡ ಸ್ಪರ್ಧೆಯಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಇಳಿದಳು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಪೈಕಿ ಅದನ್ನು ಸಾಧಿಸಿದ ಮೊದಲಿಗಳು ಅವಳು. ಆಕೆಯ ತಂಡ ಪ್ರಥಮ ಸ್ಥಾನ ಪಡೆಯಿತು. ಅದರ ಬೆನ್ನಿಗೇ, 2021ರ ಡಿಸೆಂಬರ್ 25ರಂದು ಸೇಂಟ್ ಪೀಟರ್ಸ್‌ಬರ್ಗಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಸಂಗ್ರಹಿಸಿದ್ದ ಅವಳ ಮೂತ್ರದ ಮಾದರಿಯ ವರದಿ ಸ್ಟಾಕ್‌ಹೋಮಿನ ಪ್ರಯೋಗಾಲಯದಿಂದ ಬಂತು. ಅದರಲ್ಲಿ ಟ್ರೈಮೆಟಾಜಿಡಿನ್ ಎಂಬ ಔಷಧದ ಅಂಶವಿತ್ತು. ಎದೆನೋವಿನ ಹೃದ್ರೋಗಿಗಳಿಗೆ ಕೊಡುವ ಈ ಔಷಧ 2014ರಿಂದ ಕ್ರೀಡೆಯಲ್ಲಿ ನಿಷಿದ್ಧ.

ಮುಂದಿನ ಹತ್ತು ದಿನ ಅವಳು ಆಟಗಾರ್ತಿಯೂ ಹೌದು, ಆರೋಪಿಯೂ ಹೌದು. ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಫೆಬ್ರವರಿ 14ರಂದು ಅವಳಿಗೆ ಸ್ಪರ್ಧಿಸಲು ಅನುಮತಿ ನೀಡಿತು. ಹದಿನಾರು ತುಂಬದ ಅವಳು ನಿಯಮಗಳ ಪ್ರಕಾರ ‘ರಕ್ಷಿತ ವ್ಯಕ್ತಿ’ ಎಂಬುದು ಅದರ ಕಾರಣಗಳಲ್ಲೊಂದು. ಆದರೆ ಅವಳು ಮೊದಲ ಮೂವರಲ್ಲಿ ಬಂದರೆ ಪದಕ ಪ್ರದಾನ ಸಮಾರಂಭವನ್ನೇ ನಡೆಸುವುದಿಲ್ಲವೆಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಾರಿತು. ಅವಳು ಗೆದ್ದರೆ ಅವಳೊಡನೆ ಗೆದ್ದ ಬೇರೆ ಹುಡುಗಿಯರ ಸಂಭ್ರಮಕ್ಕೂ ಅವಳೇ ಅಡ್ಡಿ ಎಂಬ ಸ್ಥಿತಿ. ಫೆಬ್ರವರಿ 15ರ ಮೊದಲ ಸುತ್ತಿನಲ್ಲಿ ಮುಂದಿದ್ದ ಅವಳು 17ರಂದು ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು. ಅಂಗಣದಿಂದ ಹೊರಬಂದಾಗ ಅವಳ ತರಬೇತುದಾರ್ತಿ ಕೇಳಿದ್ದು, ಹೋರಾಟವನ್ನು ಏಕೆ ಕೈಬಿಟ್ಟೆ ಎಂದು.

ಅಂತಿಮ ತೀರ್ಪು 2024ರ ಜನವರಿ 29ರಂದು ಬಂತು. 2021ರ ಡಿಸೆಂಬರ್ 25ರಿಂದ ನಾಲ್ಕು ವರ್ಷ ನಿಷೇಧ. ಆ ದಿನದ ನಂತರದ ಫಲಿತಾಂಶಗಳೆಲ್ಲ ರದ್ದು. ಅಜ್ಜನ ಔಷಧ ತಿಳಿಯದೆ ತನ್ನ ಹೊಟ್ಟೆ ಸೇರಿತೆಂಬ ಅವಳ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಉದ್ದೇಶಪೂರ್ವಕವಲ್ಲ ಎಂದು ಸಿದ್ಧಪಡಿಸುವ ಭಾರ ಅವಳದಾಗಿತ್ತು. ಆ ವಿಚಾರದಲ್ಲಿ ಬಾಲಕಿಗೂ ವಯಸ್ಕರಿಗೂ ನಿಯಮ ಭೇದ ಮಾಡುವುದಿಲ್ಲ ಎಂದಿತು.

ಈ ನಿಯಮ ಅವಿವೇಕದ್ದು ಎಂದು ನಾನು ಹೇಳಲಾರೆ. ತನ್ನ ಮೈಯೊಳಗೆ ಸಿಕ್ಕ ವಸ್ತುವಿಗೆ ಆಟಗಾರನೇ ಜವಾಬ್ದಾರ. ಅದು ಹೇಗೆ ಬಂತೆಂದು ಅವನೇ ಹೇಳಬೇಕು. ಹೀಗಿಲ್ಲದೆ ಹೋದರೆ ಪ್ರತಿಯೊಬ್ಬನೂ ‘ಯಾರೋ ಕೊಟ್ಟರು, ನನಗೆ ತಿಳಿಯದು’ ಎಂದು ನುಣುಚಿಕೊಂಡಾನು. ವಯಸ್ಕರ ಮಟ್ಟಿಗೆ ನಮ್ಮವರೂ ಇದನ್ನು ಅನುಭವಿಸಿದ್ದಾರೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ ತಂದ ತಂಡದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ, ಕೇರಳದ ಸಿನಿ ಜೋಸ್ ಇಬ್ಬರೂ ಇದ್ದರು. 2011ರಲ್ಲಿ ಇಬ್ಬರ ಪರೀಕ್ಷೆಯಲ್ಲೂ ಸ್ಟೀರಾಯ್ಡ್ ಕಂಡುಬಂತು. ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್‌ನಿಂದ ಬಂದಿರಬೇಕು ಎಂಬುದು ಓಟಗಾರ್ತಿಯರ ವಿವರಣೆ. ದೇಶದೊಳಗಿನ ಸಮಿತಿ ವಿಧಿಸಿದ ಒಂದು ವರ್ಷದ ನಿಷೇಧವನ್ನು ಅದೇ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಕಠಿಣವಾದರೂ ಅಲ್ಲಿ ಒಂದು ತರ್ಕವಿದೆ. ಪ್ರಾಯಕ್ಕೆ ಬಂದವರು ಡಬ್ಬಿಯ ಮೇಲಿನ ಬರಹ ಓದಬಲ್ಲರು, ಬೇರೆ ವೈದ್ಯರನ್ನು ಕೇಳಬಲ್ಲರು, ಬೇಡ ಎನ್ನಬಲ್ಲರು.

ಹದಿನೈದರ ಹುಡುಗಿ ಬೇಡ ಎನ್ನಬಲ್ಲಳೇ? ಅವಳಿಗೆ ಸ್ವಂತ ಇಚ್ಛೆಯೇ ಇಲ್ಲವೆನ್ನುವುದು ಅವಳಿಗೆ ಮಾಡುವ ಅವಮಾನವಾದೀತು. ನಾಲ್ಕು ಸುತ್ತಿನ ಜಿಗಿತವನ್ನು ಯಾರೂ ಅವಳಿಂದ ಬಲವಂತವಾಗಿ ಹಾರಿಸಲಾರರು. ಆದರೆ ಜಿಗಿತವನ್ನು ಬಯಸುವುದು ಬೇರೆ, ಬಟ್ಟಲಿಗೆ ಬಂದುದನ್ನು ಪರೀಕ್ಷಿಸುವುದು ಬೇರೆ. ಊಟ, ನಿದ್ದೆ, ಮದ್ದು, ತೂಕ ಎಲ್ಲವನ್ನೂ ಹಿರಿಯರ ಕೈಗೆ ಒಪ್ಪಿಸುವುದೇ ಶಿಸ್ತು ಎಂದು ಎಳವೆಯಿಂದ ಕಲಿಸಿ, ಕೊನೆಗೆ ನ್ಯಾಯಾಲಯದಲ್ಲಿ ‘ನೀನೇಕೆ ವಿಚಾರಿಸಲಿಲ್ಲ’ ಎನ್ನುವುದು ಹೇಗೆ ನ್ಯಾಯ? ಅವಳಲ್ಲಿ ಉತ್ತರವಿಲ್ಲದೆ ಇರಬಹುದು. ಆಗ ಅವಳು ಉತ್ತರವಾದಿಯಾಗಿ ನಿಂತಿಲ್ಲ, ಇನ್ನಾರದೋ ಸಾಲಕ್ಕೆ ಹೊಣೆಯಾಗಿ ನಿಂತಿದ್ದಾಳೆ.

ಹಾಗಾದರೆ ಮಕ್ಕಳನ್ನು ಈ ನಿಯಮದಿಂದ ಬಿಟ್ಟುಬಿಡಬಹುದೆ? ಕರುಣೆಯ ದಾರಿ ಅದೆಂದು ಮೊದಲ ನೋಟಕ್ಕೆ ಕಾಣುತ್ತದೆ. ಸ್ವಲ್ಪ ನಿಧಾನಿಸಿ ನೋಡಿದರೆ ಅದು ಕ್ರೂರವಾದ ದಾರಿ. ಮಕ್ಕಳಿಗೆ ಶಿಕ್ಷೆಯಿಲ್ಲ, ಗೆಲವು ಮಾತ್ರ ಉಳಿಯುತ್ತದೆ ಎಂದಾದರೆ, ಮೋಸ ಮಾಡುವ ಹಿರಿಯರಿಗೆ ಮಕ್ಕಳ ಮೈಗಿಂತ ಸುರಕ್ಷಿತವಾದ ಅಡಗುತಾಣ ಬೇರೆ ಉಂಟೆ? ಅಲ್ಲದೆ ಎದುರು ಬದಿಯಲ್ಲಿಯೂ ಮನುಷ್ಯರಿದ್ದಾರೆ. ಬೀಜಿಂಗಿನಲ್ಲಿ ಎರಡನೆಯದೆನಿಸಿದ್ದ ಅಮೆರಿಕದ ತಂಡಕ್ಕೆ ಚಿನ್ನ ಕೈಸೇರಿದ್ದು 2024ರ ಆಗಸ್ಟಿನಲ್ಲಿ, ಪ್ಯಾರಿಸಿನ ಬೇಸಿಗೆಯ ಒಲಿಂಪಿಕ್ಸ್ ವೇಳೆ. ಅವರಿಗೆ ಆದ ಅನ್ಯಾಯವೂ ಅನ್ಯಾಯವೇ.

ಈ ತೊಡಕನ್ನು ಬಿಡಿಸಲು ನಾವು ಎರಡು ಸಂಗತಿಗಳನ್ನು ಬೇರ್ಪಡಿಸಬೇಕು ಎಂದು ನನಗೆ ತೋರುತ್ತದೆ: ಫಲ ಒಂದು, ದೋಷ ಇನ್ನೊಂದು. ಔಷಧ ಸೇರಿದ ಮೈಯಿಂದ ಬಂದ ಗೆಲವನ್ನು ಹಿಂದೆ ಪಡೆಯುವುದು ಲೆಕ್ಕವನ್ನು ಸರಿಪಡಿಸುವ ಕೆಲಸ. ತೂಕದ ಕಲ್ಲು ತಪ್ಪಾಗಿದ್ದರೆ ಕೊಂಡವನು ನಿರ್ದೋಷಿಯಾದರೂ ಮತ್ತೆ ತೂಗಲೇಬೇಕಷ್ಟೆ. ಆದರೆ ದೋಷವನ್ನು ಹೊರಿಸುವಾಗ ಕೈ ಯಾರದೆಂದು ನೋಡಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ಹದಿನಾರರ ಜಿಮ್ನಾಸ್ಟ್ ಆಂಡ್ರಿಯಾ ರದುಕಾನ್ ತಂಡದ ವೈದ್ಯ ಕೊಟ್ಟ ಶೀತದ ಮಾತ್ರೆ ನುಂಗಿ ಚಿನ್ನ ಕಳೆದುಕೊಂಡಳು, ವೈದ್ಯನನ್ನು ಹೊರಹಾಕಲಾಯಿತು. ತಂಡದ ಚಿನ್ನವನ್ನೂ ವಾಲ್ಟಿನ ಬೆಳ್ಳಿಯನ್ನೂ ಅವಳಲ್ಲೇ ಉಳಿಸಲಾಯಿತು. ಪೂರ್ಣ ನ್ಯಾಯವೆನ್ನಲು ಮನಸ್ಸು ಹಿಂಜರಿದರೂ ಅಲ್ಲಿ ಮಾತ್ರೆ ಕೊಟ್ಟ ಕೈಯನ್ನು ನ್ಯಾಯ ಗುರುತಿಸಿತ್ತು. ವಲಿಯೆವಾಳ ತೀರ್ಪಿನಲ್ಲಿ ಶಿಕ್ಷೆಗೆ ಗುರಿಯಾದ ಹೆಸರು ಅವಳದೊಂದೇ.

ಇನ್ನು ಪತ್ರಿಕೆ, ಟೆಲಿವಿಷನ್ನುಗಳ ಮಾತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಂತೆ, ಅಪರಾಧದ ಆರೋಪ ಹೊತ್ತ ಮಗುವಿನ ಗುರುತನ್ನು ಪತ್ರಿಕೆಗಳು ಬಯಲು ಮಾಡಕೂಡದು. ಕದ್ದ ಹುಡುಗನಿಗೂ ಮರೆಯ ಹಕ್ಕು ಉಂಟು. ಕ್ರೀಡೆಯ ನಿಯಮಗಳಲ್ಲೂ ಎಳೆಯರ ಹೆಸರನ್ನು ಪ್ರಕಟಿಸುವುದು ಕಡ್ಡಾಯವಲ್ಲ. ಬೀಜಿಂಗಿನಲ್ಲಿ ಪರೀಕ್ಷೆಯ ಅಧಿಕಾರ ಹೊಂದಿದ್ದ ಸಂಸ್ಥೆ ಫೆಬ್ರವರಿ 11ರಂದು ಹೇಳಿಕೆ ನೀಡಿದಾಗ, ಬಾಲಕಿಯೆಂದು ತಾನು ಕಾದಿದ್ದ ಗೌಪ್ಯವನ್ನು ಕೆಲವು ಪತ್ರಿಕೆಗಳು ಕಾಯಲಿಲ್ಲವೆಂದು ಹೇಳಬೇಕಾಯಿತು. ಆಮೇಲೆ ಅಭ್ಯಾಸಕ್ಕೆ ಬಂದಾಗಲೆಲ್ಲ ಅವಳ ಮುಖದ ಮೇಲೆ ಕ್ಯಾಮರಾಗಳ ಸಾಲು. ಈ ಆಟದಲ್ಲಿ ಅಂಕಗಳಿಗಾಗಿ ಕಾಯುವ ಬೆಂಚಿಗೆ ‘ಕಿಸ್ ಆ್ಯಂಡ್ ಕ್ರೈ’ ಎಂದೇ ಹೆಸರು; ಮುತ್ತಿಡುವ, ಅಳುವ ಜಾಗ. ಅಳುವಿಗೆ ಮೊದಲೇ ಸ್ಥಳ ಗೊತ್ತುಮಾಡಿ ಎದುರಿಗೆ ಕ್ಯಾಮರಾ ನಿಲ್ಲಿಸಿರುವ ಆಟ ಇದು. ದೂರದಲ್ಲಿ ಕುಳಿತು ಆ ಕಣ್ಣೀರನ್ನು ಮತ್ತೆ ಮತ್ತೆ ನೋಡಿದ ನಾವು ಗಿರಾಕಿಗಳು.

ಹಗುರವಾದ, ಬೆಳೆದು ಮುಗಿಯದ ಮೈ ಗಾಳಿಯಲ್ಲಿ ಬೇಗ ತಿರುಗಬಲ್ಲದು. ಪ್ರಾಯ ಬಂದಂತೆ ಅದೇ ಜಿಗಿತ ಕಷ್ಟವಾಗುತ್ತದೆ. ಆದ್ದರಿಂದಲೇ ಎಳೆಯರಿಗೆ ಬೇಡಿಕೆ. 2014ರ ಸೋಚಿಯಲ್ಲಿ ಹದಿನೈದರ ಯೂಲಿಯಾ ಲಿಪ್‌ನಿತ್ಸ್‌ಕಾಯಾ ಇದೇ ರೀತಿ ಜಗತ್ತನ್ನು ಬೆರಗುಗೊಳಿಸಿ, ಅನ್ನವೇ ಬೇಡವೆನಿಸುವ ಅನೊರೆಕ್ಸಿಯಾ ಕಾಯಿಲೆಗೆ ತುತ್ತಾಗಿ, 2017ರಲ್ಲಿ ಹತ್ತೊಂಬತ್ತಕ್ಕೆ ಆಟ ಬಿಟ್ಟಳು. 2022ರ ಜೂನಿನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ನಿರ್ಣಯಿಸಿತು. ಒಳ್ಳೆಯದೇ. ಆದರೆ ವಯಸ್ಸು ಏರಿದ ಮಾತ್ರಕ್ಕೆ ಹೊಣೆ ಸ್ಥಳ ಬದಲಿಸುವುದಿಲ್ಲ.

ಅಭಿಮನ್ಯು ಕಾಳಗದ ಆಟ ನೋಡಿದ ನಮಗೆ ಇದು ಹೊಸ ಕತೆಯಲ್ಲ. ಒಳಹೋಗಲು ಮಾತ್ರ ಬಲ್ಲ ಹುಡುಗನನ್ನು ವ್ಯೂಹಕ್ಕೆ ಕಳಿಸಿದವರು ಹಿರಿಯರು. ಭಾರತದ ಧರ್ಮರಾಯ ಆಮೇಲೆ ಹುಡುಗನನ್ನು ದೂರಲಿಲ್ಲ, ಕಳಿಸಿದವನು ನಾನು ಎಂದು ತನ್ನನ್ನೇ ಹಳಿದುಕೊಂಡ. ಹದಿನೆಂಟು ತುಂಬದ ಯಾವ ಮಗು ಅಂಗಣಕ್ಕೆ ಇಳಿದರೂ ಅದರ ಹೆಸರಿನ ಜೊತೆಗೆ ಒಬ್ಬ ತರಬೇತುದಾರನ, ಒಬ್ಬ ವೈದ್ಯನ ಸಹಿ ಇರಲಿ. ಮಗುವಿನ ಮೈಯಲ್ಲಿ ನಿಷಿದ್ಧ ವಸ್ತು ಸಿಕ್ಕಿದರೆ ಪದಕ ಹಿಂದೆ ಹೋಗಲಿ, ಆದರೆ ಮೊದಲ ಪ್ರಶ್ನೆ ಆ ಸಹಿ ಹಾಕಿದವರಿಗೆ ಹೋಗಲಿ. ತಮ್ಮ ದೋಷವಲ್ಲವೆಂದು ಸಿದ್ಧಪಡಿಸುವ ಭಾರವೂ ಅವರದಾಗಲಿ. ದೊಡ್ಡವರು ಮಕ್ಕಳಿಗೆ ಹೊಣೆ ನಿಲ್ಲುವುದು ಲೋಕದ ಕ್ರಮ. ಕ್ರೀಡೆಯ ಕಾನೂನು ಅದನ್ನು ತಿರುವುಮುರುವು ಮಾಡಿದೆ. ಅದನ್ನು ನೆಟ್ಟಗೆ ನಿಲ್ಲಿಸುವುದು ದೊಡ್ಡವರ ಕೆಲಸ.