ಬೇಟೆಗಾರನ ಕೋವಿಯೂ ಧರ್ಮವಿಚಾರವೂ

ಮೃಗಯೆಯು ವಿಹಿತವೋ ವ್ಯಸನವೋ ಎಂಬ ವಾದವು ಭಾರತದಲ್ಲಿ ಬಹು ಪುರಾತನವಾದುದು. ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಮೊದಲು ಹೆಸರಿಸಿದುದು ಮೃಗಯೆಯನ್ನೇ. ಕೌಟಿಲ್ಯನಾದರೋ ಅದರಲ್ಲಿ ವ್ಯಾಯಾಮವುಂಟು, ನಿಂತ ಗುರಿಯನ್ನೂ ಓಡುವ ಗುರಿಯನ್ನೂ ಹೊಡೆಯುವ ಅಭ್ಯಾಸವುಂಟು ಎಂದು ಕೆಲವು ಗುಣಗಳನ್ನು ಒಪ್ಪಿಕೊಂಡನು. ಈ ದೊಡ್ಡ ವಾದದ ಮರೆಯಲ್ಲಿ ಸಣ್ಣ ಪ್ರಶ್ನೆಯೊಂದು ಕೇಳದೆಯೇ ಉಳಿದುಹೋಗುತ್ತದೆ. ಕೊಲ್ಲಲೇಬೇಕಾದ ಸಂದರ್ಭವು ಒದಗಿತೆಂದು ಇಟ್ಟುಕೊಂಡರೆ, ಯಾವ ಆಯುಧವನ್ನು ಕೈಗೆತ್ತಿಕೊಳ್ಳಬೇಕು? ಮೊಲ ಕವುಜುಗಗಳ ಮಟ್ಟಿಗೆ ಇದು ಅಂಗಡಿಯ ಲೆಕ್ಕವೆನ್ನಬಹುದು. ಹುಲಿ, ಆನೆ, ಆಫ್ರಿಕದ ಕಾಡೆಮ್ಮೆ ಮುಂತಾದ ತಿರುಗಿಬೀಳಬಲ್ಲ ಪ್ರಾಣಿಗಳ ವಿಷಯದಲ್ಲಿ ಅದು ಧರ್ಮಜಿಜ್ಞಾಸೆಯೇ ಆಗುತ್ತದೆ.

1907ರಲ್ಲಿ ಕುಮಾವೂಂ ಸೀಮೆಯ ಚಂಪಾವತದ ಬಳಿ ಜಿಮ್ ಕಾರ್ಬೆಟ್ಟನು ಕೊಂದ ಹೆಣ್ಣುಹುಲಿಯು, ಅವನು ಕೊಟ್ಟ ಲೆಕ್ಕದಂತೆ, ನೇಪಾಳದಲ್ಲಿಯೂ ಕುಮಾವೂಂನಲ್ಲಿಯೂ ಸೇರಿ 436 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಸತ್ತ ಹುಲಿಯ ಬಾಯನ್ನು ಬಿಡಿಸಿ ನೋಡಲಾಗಿ, ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಕೆಳಗಿನದು ಎಲುಬಿನವರೆಗೂ ಹೋಗಿತ್ತು. ಹಿಂದೆಂದೋ ತಗುಲಿದ ಗುಂಡಿನ ಗಾಯವದು. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ತಿರುಗಿತೆಂದು ಕಾರ್ಬೆಟ್ಟನು ತೀರ್ಮಾನಿಸಿದನು. ಆ ಹಳೆಯ ಗುಂಡನ್ನು ಹಾರಿಸಿದವನು ಯಾರೋ! ಹುಲಿ ತಪ್ಪಿಸಿಕೊಂಡಿತೆಂದು ಬೇಸರಪಟ್ಟು, ಮನೆಗೆ ಹೋಗಿ ಊಟಮಾಡಿ ಮಲಗಿರಬಹುದು. ಅವನ ಒಂದು ಈಡಿನ ಫಲವನ್ನು ಉಂಡವರು ಸೌದೆಗೂ ಮೇವಿಗೂ ಕಾಡಿನಂಚಿಗೆ ಹೋದ, ಅವನ ಮುಖವನ್ನೇ ಕಾಣದ ಹೆಣ್ಣುಮಕ್ಕಳು. ಆಯುಧವನ್ನು ಆರಿಸುವವನೊಬ್ಬ, ಆಯ್ಕೆ ಕೆಟ್ಟರೆ ಅನುಭವಿಸುವವರು ಮತ್ತೊಬ್ಬರು. ಆದುದರಿಂದಲೇ ಇದು ಕೇವಲ ಅಭಿರುಚಿಯ ಮಾತಲ್ಲ.

ಇದಕ್ಕೆ ಪ್ರತಿಯಾಗಿ ಕೋವಿ ಬಲ್ಲವರು ಒಂದು ನಿದರ್ಶನವನ್ನು ತರುವುದುಂಟು. ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಮ್. ಬೆಲ್ಲನು (1880–1954) ದಂತಕ್ಕಾಗಿ ಸಾವಿರಕ್ಕೂ ಮೇಲ್ಪಟ್ಟು ಆನೆಗಳನ್ನು ಕೊಂದವನು. ಅವುಗಳಲ್ಲಿ ಬಹುಪಾಲನ್ನು ಸುಮಾರು 7 ಮಿಲಿಮೀಟರು ಅಡ್ಡಳತೆಯ, ಹನ್ನೊಂದು ಗ್ರಾಮಿನಷ್ಟು ಮಾತ್ರ ತೂಗುವ ಗುಂಡಿನ ಹಗುರ ರೈಫಲಿನಿಂದಲೇ ಕೆಡವಿದನು. ಹೀಗಿರಲು ದೊಡ್ಡ ಕೋವಿಯ ಹೊರೆ ಏಕೆ, ಕೌಶಲವಿದ್ದರೆ ಸಾಲದೆ, ಎಂದು ಅವರ ವಾದ. ಆ ಸಾವಿರ ಆನೆಗಳ ಪಾಪಪುಣ್ಯದ ಲೆಕ್ಕವನ್ನು ಬದಿಗಿಟ್ಟರೂ ಈ ವಾದವು ನಿಲ್ಲದು. ಬೆಲ್ಲನು ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ಯಿಸಿ, ಮಿದುಳಿನ ಸ್ಥಾನವನ್ನು ಎಲ್ಲ ಕೋನಗಳಿಂದಲೂ ಅಭ್ಯಾಸ ಮಾಡಿದವನು. ಅವನ ಕೋವಿಯಂತಹುದನ್ನು ಹಣ ಕೊಟ್ಟು ತರಬಹುದು. ಅವನ ಕಣ್ಣನ್ನು ತರುವುದು ಹೇಗೆ? ಅದಲ್ಲದೆ ಕೌಶಲವೇ ಸಾಕೆಂಬವರಿಗೆ ದಶರಥನ ವೃತ್ತಾಂತವಿದೆ. ಶಬ್ದವೇಧಿಯೆಂಬ ಖ್ಯಾತಿಯಿದ್ದ ಆ ರಾಜನು ಕತ್ತಲೆಯಲ್ಲಿ ಸರಯೂತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ ಬಾಣ ಬಿಟ್ಟನು. ಬಾಣವು ಗುರಿ ತಪ್ಪಲಿಲ್ಲವೆಂಬುದೇ ಆ ಕಥೆಯ ಭೀಕರತೆ.

ಹಾಗಾದರೆ ಸಿಕ್ಕ ದೊಡ್ಡ ಕೋವಿಯನ್ನು ಕೊಂಡರೆ ಮುಗಿಯಿತೇ? ಅದೂ ಇಲ್ಲ. ಭಾರಿ ತೋಟೆಯ ಹಿಂದೊದೆತವು ಭುಜವನ್ನು ನಜ್ಜುಗುಜ್ಜು ಮಾಡುವಂತಹುದು. ಎರಡು ಬಾರಿ ಒದೆಸಿಕೊಂಡವನು ಮೂರನೆಯ ಬಾರಿ ಕುದುರೆಯನ್ನು ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ. ಗುಂಡು ಹೊಟ್ಟೆಗೋ ಕಾಲಿಗೋ ತಗುಲುತ್ತದೆ. ಕ್ಲಬ್ಬಿನಲ್ಲಿ ತೋರಿಸಿಕೊಳ್ಳಲು ಕೊಂಡ ಕೋವಿಯು ಕಾಡಿನಲ್ಲಿ ಮಾಡುವ ಅನರ್ಥವಿದು. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪೆನಿಯವರು ಹೊರತಂದ 0.375 ಅಂಗುಲದ ತೋಟೆಯು ಈ ಎರಡು ಅತಿಗಳ ನಡುವೆ ನಿಂತಿತು. ಅದರ ಗುಂಡು ಸುಮಾರು ಹತ್ತೊಂಬತ್ತು ಗ್ರಾಮು. ಒದೆತವು ಅಭ್ಯಾಸದಿಂದ ಸಹಿಸಬಹುದಾದಷ್ಟು. ಆಫ್ರಿಕದ ಕೆಲವು ದೇಶಗಳ ಕಾನೂನು ಆನೆ ಕಾಡೆಮ್ಮೆಗಳಿಗೆ ಇದನ್ನೇ ಕನಿಷ್ಠ ಅಳತೆಯೆಂದು ಗೊತ್ತುಮಾಡಿತು. ಕಾನೂನು ಬೆಲ್ಲನಂತಹವನನ್ನು ನೋಡಿ ಮಾಡುವುದಲ್ಲ. ಬೆವರಿದ ಕೈಯ ಸಾಮಾನ್ಯನನ್ನು ನೋಡಿ ಮಾಡುವುದು.

ಈ ಬೆವರಿದ ಕೈಯ ವಿಚಾರವನ್ನು ಶಾಸ್ತ್ರಜ್ಞರಿಗಿಂತ ಯಂತ್ರಶಿಲ್ಪಿಗಳು ಚೆನ್ನಾಗಿ ಬಲ್ಲರೆಂದು ತೋರುತ್ತದೆ. ಬೋಲ್ಟು ರೈಫಲಿನಲ್ಲಿ ಬಾಗಿಲ ಅಗುಳಿಯಂತೆ ಹಿಂದಕ್ಕೂ ಮುಂದಕ್ಕೂ ಸರಿಯುವ ಉಕ್ಕಿನ ತುಂಡೊಂದಿದ್ದು, ಅದು ಸುಟ್ಟ ತೋಟೆಯನ್ನು ಹೊರಕ್ಕೆ ಎಸೆದು ಹೊಸದನ್ನು ನಳಿಗೆಗೆ ನೂಕುತ್ತದೆ. ಜೋಡುನಳಿಗೆಯ ಕೋವಿಯು ಎರಡನೆಯ ಈಡನ್ನು ತತ್‌ಕ್ಷಣ ಕೊಡುವುದು ನಿಜ. ಆದರೆ ಅದರ ಬೆಲೆ ಧನಿಕರಿಗೇ ಎಟುಕುವಂತಹುದು, ಮೂರನೆಯ ಈಡೂ ಅದರಲ್ಲಿಲ್ಲ. ಇನ್ನು ಬೋಲ್ಟಿನಲ್ಲಿಯೂ ಎರಡು ಬಗೆ. ಒಂದರಲ್ಲಿ ತೋಟೆಯು ನಳಿಗೆಯನ್ನು ಸೇರುವವರೆಗೂ ಸಡಿಲವಾಗಿರುತ್ತದೆ. ಗಾಬರಿಗೊಂಡವನು ಬೋಲ್ಟನ್ನು ಪೂರಾ ಮುಚ್ಚದೆ ಮತ್ತೆ ಎಳೆದು ನೂಕಿದರೆ, ಒಂದರ ಹಿಂದೆ ಇನ್ನೊಂದು ತೋಟೆ ಬಂದು ಸಿಕ್ಕಿಕೊಳ್ಳುತ್ತದೆ. ಜರ್ಮನಿಯ ಪೌಲ್ ಮೌಸರನು 1898ರಲ್ಲಿ ಸಿದ್ಧಪಡಿಸಿದ ಮಾದರಿಯಲ್ಲಿಯಾದರೋ ಉಗುರಿನಂತಹ ಅಗಲವಾದ ಕೊಕ್ಕೆಯೊಂದು ತೋಟೆಯು ಪೆಟ್ಟಿಗೆಯಿಂದ ಮೇಲೇಳುತ್ತಿರುವಂತೆಯೇ ಅದರ ಅಂಚನ್ನು ಹಿಡಿದು, ಹೊರಕ್ಕೆ ಎಸೆಯುವವರೆಗೂ ಬಿಡುವುದಿಲ್ಲ. ಹಿಡಿದವನ ಬುದ್ಧಿ ತಪ್ಪಿದರೂ ಕೋವಿಯ ಹಿಡಿತ ತಪ್ಪದು. ಆರಿಸುವವನು ನೆನೆಯಬೇಕಾದುದು ಈ ಗಳಿಗೆಯನ್ನೇ. ಬಯಲಿನಲ್ಲಿ ಹಲಗೆಗೆ ಗುರಿಯಿಟ್ಟು ಹೊಡೆದ ದಿನದ ತನ್ನನ್ನು ನೆನೆದು ಕೊಂಡ ಕೋವಿಯು ಪೊದೆಯಿಂದ ಪ್ರಾಣಿ ನುಗ್ಗಿದಾಗ ಬೇರೊಬ್ಬನ ಕೈಯಲ್ಲಿರುತ್ತದೆ. ಕಾರ್ಬೆಟ್ಟನಂತಹವನೂ ಚಂಪಾವತದ ಹುಲಿಗೆ ಮೂರೇ ತೋಟೆಗಳನ್ನು ಒಯ್ದಿದ್ದನು. ಮೂರೂ ತೀರಿದ ಮೇಲೆ ಗಾಯಗೊಂಡ ಹುಲಿಯೆದುರಿನಿಂದ ಓಡಿ ತಹಸೀಲುದಾರನ ಹಳೆಯ ಬಂದೂಕನ್ನು ತರಬೇಕಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಭಾರತದಲ್ಲಿ ವಿನೋದದ ಬೇಟೆಯು ನಿಂತಿತು. ಕೀನ್ಯಾ ದೇಶವು 1977ರಲ್ಲಿ ಅದನ್ನು ನಿಲ್ಲಿಸಿತು. ಆದರೂ ಪ್ರಶ್ನೆಯು ಸಂಪೂರ್ಣವಾಗಿ ತೀರಿಲ್ಲ. ಹುಲಿಯಂತಹ ಪ್ರಾಣಿಯು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾಗಿ, ಅದನ್ನು ಹಿಡಿಯುವುದಾಗಲಿ, ಮದ್ದಿನಿಂದ ಮಂಪರುಗೊಳಿಸುವುದಾಗಲಿ, ಬೇರೆಡೆಗೆ ಸಾಗಿಸುವುದಾಗಲಿ ಅಸಾಧ್ಯವಾದಾಗ, ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನರು ಕಾರಣಗಳನ್ನು ಬರೆದು ಕೊಲ್ಲಲು ಅನುಮತಿ ಕೊಡಬಹುದು. ಅಂತಹ ಆಜ್ಞೆಯನ್ನು ಹಿಡಿದು ಹೊರಡತಕ್ಕವನನ್ನು ಆರಿಸುವಾಗ ಅವನ ಮನೆಯ ಗೋಡೆಯ ಮೇಲಿನ ಹಳೆಯ ಕೊಂಬುಗಳನ್ನು ಎಣಿಸುವುದಕ್ಕಿಂತ, ಅವನು ತರುವ ಕೋವಿ ಯಾವುದು, ಅದರಲ್ಲಿ ಎಷ್ಟು ಕಾಲ ಕೈಪಳಗಿಸಿದ್ದಾನೆ, ಮೊದಲ ಈಡಿನಿಂದ ಸಾಯದೆ ಪ್ರಾಣಿಯು ಪೊದೆ ಸೇರಿದರೆ ಕತ್ತಲಾಗುವ ಮುನ್ನ ಅದರ ಹಿಂದೆ ಹೋಗಲು ಒಪ್ಪಿದ್ದಾನೆಯೇ ಎಂದು ಕೇಳುವುದು ಯುಕ್ತವಾದುದು.