ಬಿಸಿಲು ಬಿದ್ದ ಮೇಲೆ

ಕಾರ್ತಿಕ ಮಾಸದಲ್ಲಿ ನಮ್ಮ ತುಮಕೂರು ಕಡೆ ಯಾರೂ ಬಿಸಿಲಿಗಾಗಿ ದೇವರನ್ನು ಬೇಡುವುದಿಲ್ಲ. ಅದು ಇದ್ದೇ ಇರುತ್ತದೆ ಎಂಬ ಧೈರ್ಯ. ಮಧುಗಿರಿ, ಕೊರಟಗೆರೆಯ ಹೊಲಗಳಲ್ಲಿ ಕುಯ್ದ ರಾಗಿ ಅರಿ ಅರಿಯಾಗಿ ಒಣಗುತ್ತಿರುತ್ತದೆ. ಪಾವಗಡ, ಶಿರಾ ಕಡೆ ಕಿತ್ತ ಕಡ್ಲೆಕಾಯಿ ಗಿಡಗಳನ್ನು ಕಾಯಿ ಮೇಲಾಗಿ ಹರವಿರುತ್ತಾರೆ. ಇನ್ನು ನಾಲ್ಕು ದಿನ ಬಿಸಿಲು ಕಾದರೆ ಮೆದೆ ಒಟ್ಟಬಹುದು, ಕಣ ಮಾಡಬಹುದು ಎಂದು ಮನೆಯವರೆಲ್ಲ ಲೆಕ್ಕ ಹಾಕುತ್ತಿರುವ ಹೊತ್ತಿಗೇ ಟೀವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬರುತ್ತದೆ. ಆ ಸಮುದ್ರ ನಮಗೆ 300 ಕಿಲೋಮೀಟರಿಗೂ ಹೆಚ್ಚು ದೂರ. ರಾಮೇಶ್ವರದ ಯಾತ್ರೆಗೆ ಹೋದಾಗ ಒಮ್ಮೆ ಕಾಲು ನೆನೆಸಿಕೊಂಡು ಬಂದವರೇ ನಮ್ಮಲ್ಲಿ ಹೆಚ್ಚು. ಆದರೂ ಆ ಸಮುದ್ರದ ಮೇಲೆ ಎದ್ದ ಗಾಳಿ ನಮ್ಮ ಕಣದ ಲೆಕ್ಕವನ್ನು ತಪ್ಪಿಸಬಲ್ಲದು.

ಚೆನ್ನೈ, ಪುದುಚೇರಿಯವರು ಕಾಣುವ ಚಂಡಮಾರುತ ನಮ್ಮಲ್ಲಿಗೆ ಬರುವುದಿಲ್ಲ. ದಡ ಮುಟ್ಟಿದೊಡನೆ ಅದಕ್ಕೆ ಕೆಳಗಿನಿಂದ ಸಿಗುತ್ತಿದ್ದ ಬೆಚ್ಚನೆಯ ನೀರಿನ ಆವಿ ತಪ್ಪುತ್ತದೆ, ನೆಲದ ಉಬ್ಬುತಗ್ಗು, ಪೂರ್ವಘಟ್ಟದ ಬೆಟ್ಟಸಾಲು ಗಾಳಿಯ ಸೊಕ್ಕನ್ನು ಮುರಿಯುತ್ತವೆ. ನಮಗೆ ಉಳಿಯುವುದು ಮೋಡ ಮತ್ತು ಸೋನೆ. ಆಕಾಶ ನೆನೆದ ಕಂಬಳಿಯಂತೆ ಕೆಳಕ್ಕೆ ಜೋತುಬಿದ್ದು ಮೂರು ನಾಲ್ಕು ದಿನ ತೊಟ್ಟಿಕ್ಕುತ್ತದೆ. ‘ಸೈಕ್ಲೋನ್ ಹಿಡ್ಕಂಡದೆ’ ಎನ್ನುತ್ತಾರೆ ಊರವರು. ಒಲೆಯ ಸೌದೆ ಹತ್ತುವುದಿಲ್ಲ, ಮಕ್ಕಳ ಬಟ್ಟೆ ಒಣಗುವುದಿಲ್ಲ, ದನಗಳು ಕೊಟ್ಟಿಗೆಯ ಕೆಸರಿನಲ್ಲಿ ಮಲಗಲಾರದೆ ನಿಂತೇ ಇರುತ್ತವೆ. 2020ರ ನವೆಂಬರಿನಲ್ಲಿ ನಿವಾರ್, 2022ರ ಡಿಸೆಂಬರಿನಲ್ಲಿ ಮಾಂಡೌಸ್, 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಹೀಗೆ ತಮಿಳುನಾಡು, ಪುದುಚೇರಿಯ ಕರಾವಳಿಯನ್ನು ದಾಟಿ ತಮ್ಮ ಮೋಡಗಳನ್ನು ಇತ್ತ ಅಟ್ಟಿದವು.

ಆದರೆ ನಮ್ಮ ಸೀಮೆಯವರು ಹೆಚ್ಚು ನೆನೆಯುವ ಮಳೆಗೆ ಹೆಸರೇ ಇರಲಿಲ್ಲ. 2021ರ ನವೆಂಬರ್ 19, ಕಾರ್ತಿಕ ಹುಣ್ಣಿಮೆ. ಚೆನ್ನೈ ಮತ್ತು ಪುದುಚೇರಿಯ ನಡುವೆ ದಡ ಸೇರಿದ ಆ ಕುಸಿತ ಚಂಡಮಾರುತದ ಮಟ್ಟಕ್ಕೂ ಏರಿರಲಿಲ್ಲ, ಹಾಗಾಗಿ ಯಾರೂ ಅದಕ್ಕೆ ಹೆಸರಿಡಲಿಲ್ಲ. ಅದೇ ದಿನ ನೆರೆಯ ಆಂಧ್ರದ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ಒಡೆದು ಊರುಗಳು ಕೊಚ್ಚಿಹೋದವು. ಇತ್ತ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ, ವರ್ಷದ ಬಹುಪಾಲು ಬರೀ ಮರಳು ಹಾಸಿಕೊಂಡಿರುವ ನಮ್ಮ ಜಯಮಂಗಲಿ, ದಡ ಮೀರಿ ಹರಿಯಿತು. ಹೊಳೆಯಲ್ಲಿ ನೀರನ್ನೇ ನೋಡದೆ ಬೆಳೆದ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಸೇತುವೆಗಳ ಹತ್ತಿರ ಹೋಗಿ ನಿಂತರು. ಆ ಸಂತೋಷವನ್ನು ತಪ್ಪೆನ್ನಲಾಗದು. ಪಾವಗಡ, ಶಿರಾದಂಥ ಕಡೆ ವರ್ಷವೆಲ್ಲಾ ಸೇರಿ ಬೀಳುವುದೇ ಸುಮಾರು 600 ಮಿಲಿಮೀಟರ್ ಮಳೆ. ಇಲ್ಲಿ ಮಳೆಯನ್ನು ಶಪಿಸಲು ನಾಲಿಗೆ ಏಳುವುದಿಲ್ಲ. ಕೆರೆ ಕೋಡಿ ಬಿದ್ದರೆ ಗಂಗಮ್ಮನಿಗೆ ಬಾಗಿನ ಬಿಡುತ್ತೇವೆ, ಬತ್ತಿದ ಕೊಳವೆಬಾವಿಯಲ್ಲಿ ನೀರು ಮೇಲೇರಿತೆಂದು ಹಿಗ್ಗುತ್ತೇವೆ. ಅದೇ ಹೊತ್ತಿನಲ್ಲಿ ಹೊಲದಲ್ಲಿ ರಾಗಿ ನೆನೆಯುತ್ತಿರುತ್ತದೆ. ಒಂದು ಕಣ್ಣಿಗೆ ಸುಣ್ಣ, ಇನ್ನೊಂದು ಕಣ್ಣಿಗೆ ಬೆಣ್ಣೆ ಇಟ್ಟು ಬರುವ ಮಳೆ ಇದು.

ಇಂಥ ಮಳೆಗಳನ್ನು ಕಂಡು ನನಗೆ ತಿಳಿದ ಒಂದು ಸಂಗತಿಯಿದೆ. ಮಳೆ ಹಿಡಿದಿರುವಾಗ ಎಲ್ಲರೂ ಎಲ್ಲರ ಕಡೆ ನೋಡುತ್ತಿರುತ್ತಾರೆ. ಬೆಂಗಳೂರಿನ ಮಕ್ಕಳು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ, ಅಧಿಕಾರಿಗಳು ಜೀಪಿನಲ್ಲಿ ಬರುತ್ತಾರೆ, ಪೇಪರಿನವರು ಕೆರೆಯ ಕೋಡಿಯ ಫೋಟೋ ಹಾಕುತ್ತಾರೆ. ಐದನೆಯ ದಿನ ಬಿಸಿಲು ಬೀಳುತ್ತದೆ. ‘ಅಬ್ಬ, ಮುಗೀತು’ ಎಂದು ಎಲ್ಲರೂ ತಂತಮ್ಮ ಕೆಲಸಕ್ಕೆ ತಿರುಗುತ್ತಾರೆ. ನಿಜವಾದ ನಷ್ಟ ಶುರುವಾಗುವುದು ಆಗ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂದು ಹಿರಿಯರು ಹೇಳಿದ್ದಕ್ಕೆ ಈ ನಾಲ್ಕು ತಾಲ್ಲೂಕುಗಳ ಮನೆಗಳಷ್ಟು ಸಾಕ್ಷಿ ಬೇರೆಲ್ಲೂ ಸಿಗಲಾರದು.

ಮಣ್ಣಿನ ಗೋಡೆಯನ್ನೇ ತೆಗೆದುಕೊಳ್ಳಿ. ಪಾವಗಡ, ಶಿರಾ ಕಡೆಯ ಹಳೆಯ ಮಾಳಿಗೆ ಮನೆಗಳ ಮೇಲೆ ಹಿರಿಯರು ಚೌಳು ಮಣ್ಣು ಹಾಸುತ್ತಿದ್ದರು. ಸೋಡಿಯಂ ಹೆಚ್ಚಿರುವ ಆ ಮಣ್ಣಿನ ನುಣ್ಣನೆಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಒಳಕ್ಕಿಳಿಯದೆ ಅಂಚಿಗೆ ಜಾರಿಹೋಗುತ್ತದೆ. ಬೆಳೆಗೆ ಬಾರದ ಮಣ್ಣನ್ನು ತಲೆಯ ಮೇಲೆ ಹೊತ್ತು ಮನೆ ಕಾಪಾಡಿಕೊಂಡ ಜಾಣತನ ಅದು. ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತಟ್ಟುತ್ತಿದ್ದ ಆ ಅಭ್ಯಾಸ ಈಗ ಬಹಳ ಮನೆಗಳಲ್ಲಿ ತಪ್ಪಿದೆ. ವಯಸ್ಸಾದವರಿಗೆ ಮಾಳಿಗೆ ಹತ್ತಲಾಗದು, ಹತ್ತುವ ವಯಸ್ಸಿನವರು ಊರಲ್ಲಿಲ್ಲ. ಮಾಳಿಗೆ ಸೋರಿ ಗೋಡೆ ನೆನೆಯುತ್ತದೆ, ಆದರೆ ಅದು ಮಳೆಯ ದಿನವೇ ಬೀಳಬೇಕೆಂದೇನೂ ಇಲ್ಲ. ಬುಡದಲ್ಲಿ ನಿಂತ ನೀರನ್ನೂ ಅದು ನಿಧಾನವಾಗಿ ಹೀರಿಕೊಂಡಿರುತ್ತದೆ. ಮೇಲ್ಮೈ ಬಿಸಿಲಿಗೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಇನ್ನೂ ಕೆಸರು. ಜಂತೆಯ ಭಾರ ತಡೆಯದೆ, ಎಲ್ಲರೂ ನೆಮ್ಮದಿಯಾಗಿ ಮಲಗಿದ ರಾತ್ರಿ, ಅದು ಕುಸಿಯುತ್ತದೆ. ತೊಲೆ ಕೂತ ಜಾಗದಲ್ಲಿ ಹೊಸ ಬಿರುಕು ಕಂಡರೆ, ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿದ್ದರೆ, ಬುಡದಲ್ಲಿ ಬೆಳಗಾಗುವಷ್ಟರಲ್ಲಿ ಪುಡಿಮಣ್ಣು ಉದುರಿದ್ದರೆ, ಆ ಮನೆಯವರು ಅಲ್ಲಿ ಮಲಗಬಾರದು. ಒಂಟಿಯಾಗಿರುವ ಅಜ್ಜಿಗೆ ಇದು ಗೊತ್ತಿರುತ್ತದೆ, ಆದರೂ ‘ಎಲ್ಲಿಗೆ ಹೋಗಾನ’ ಎಂದು ಅಲ್ಲೇ ಚಾಪೆ ಹಾಸುತ್ತಾಳೆ. ‘ಅಜ್ಜಿ, ಎಂಟು ದಿನ ನಮ್ಮ ಪಡಸಾಲೆಯಲ್ಲಿ ಮಲಗು, ಬಾ’ ಎಂದು ಕರೆಯಬೇಕಾದವರು ಪಕ್ಕದ ಮನೆಯವರು. ಮಳೆಯ ರಾತ್ರಿ ಕರೆದವರು ಬಿಸಿಲು ಬಂದ ಕೂಡಲೇ ಕಳಿಸಿಬಿಡಬಾರದು.

ರಾಗಿಯ ಕತೆಯೂ ಇದೇ. ತೆನೆಯಲ್ಲಿ ನೆಂದ ಕಾಳಿಗೆ ಒಂದಿಷ್ಟು ಬೆಚ್ಚನೆಯ ಬಿಸಿಲು ಸಿಕ್ಕರೆ ಸಾಕು, ಅರಿಯಲ್ಲೇ ಮೊಳಕೆ ಒಡೆಯುತ್ತದೆ. 2021ರಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಷ್ಟೋ ಹೊಲಗಳ ರಾಗಿ ಹೀಗೆ ಹಸುರಾಗಿ ಎದ್ದು ನಿಂತಿತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 3,377 ರೂಪಾಯಿ ಇತ್ತು. ಆದರೆ ಖರೀದಿ ಕೇಂದ್ರಕ್ಕೆ ಬೇಕಾದದ್ದು ಒಳ್ಳೆಯ ಕಾಳು, ಮೊಳೆತದ್ದಲ್ಲ, ಕಪ್ಪಾದದ್ದಲ್ಲ. ಕೊರಟಗೆರೆ ತಾಲ್ಲೂಕಿನ ಒಂದು ಊರಿನಲ್ಲಿ ಆಗ ಕಂಡದ್ದನ್ನು ಹೇಳಬೇಕು. ಹೊಸದಾಗಿ ಮೋಲ್ಡಿನ ಮನೆ ಕಟ್ಟಿಸಿಕೊಂಡಿದ್ದ ದಂಪತಿ ತಮ್ಮ ಹಾಲ್‌ನ ಸೋಫಾ, ಟೀಪಾಯಿ ಎಲ್ಲವನ್ನೂ ಅಡುಗೆಮನೆಗೆ ಸರಿಸಿ, ಹೊಳೆಯುವ ಟೈಲ್ಸಿನ ಮೇಲೆ ಪಕ್ಕದ ಮನೆಯವರ ಒದ್ದೆ ರಾಗಿ ತೆನೆ ಹರವಿಸಿದ್ದರು. ಕರೆಂಟಿರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ. ಎರಡು ಮನೆಯ ಹೆಂಗಸರೂ ಸರದಿಯಂತೆ ಎದ್ದು ಕೈಯಿಂದ ತೆನೆ ತಿರುವಿ ಹಾಕುತ್ತಿದ್ದರು. ಕಾಲಿಟ್ಟಲ್ಲೆಲ್ಲ ಕೆಸರು, ಹುಲ್ಲಿನ ಕಮಟು ವಾಸನೆ, ಗೋಡೆಯ ಮೇಲೆ ಹತ್ತುವ ಹುಳ. ‘ಹೊಸ ಮನೆ ಎಲ್ಲಾ ಗಲೀಜಾಯ್ತಲ್ಲವ್ವ’ ಎಂದು ರಾಗಿಯವರು ಸಂಕೋಚಪಟ್ಟಾಗ ಆ ಮನೆಯಾಕೆ ಅಂದದ್ದು ಇಷ್ಟು: ‘ಗಲೀಜು ಗುಡಿಸ್‌ಬೋದು ಕಣಕ್ಕ. ಮೊಳ್ತ ರಾಗೀನ ಏನ್ ಮಾಡಾನ?’ ಬಿಸಿಲು ಬಂದ ಮೇಲೂ ಆ ರಾಗಿ ಅಲ್ಲಿಂದ ಕದಲಲಿಲ್ಲ. ಹೊರಗೆ ಕಣದ ನೆಲ ಒಣಗಲು ಇನ್ನೂ ದಿನಗಳು ಬೇಕಿದ್ದವು. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮನೆಯಲ್ಲಿ ನೆನೆಹಾಕಿ ಮೊಳಕೆ ಬರಿಸಿದ ರಾಗಿಯೇ ಬೇರೆ, ಹೊಲದಲ್ಲಿ ಮುಗ್ಗಲು ಹಿಡಿದು ಮೊಳೆತದ್ದೇ ಬೇರೆ. ಬೂಷ್ಟು ಹತ್ತಿದ ರಾಗಿ, ಕಡ್ಲೆಕಾಯಿಯನ್ನು ದಂಡವಾಗುತ್ತದೆಂದು ಮಕ್ಕಳಿಗೆ ತಿನ್ನಿಸಬಾರದು. ಕಡ್ಲೆಕಾಯಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ದನಕ್ಕೂ ಒಳ್ಳೆಯದಲ್ಲ.

ಇನ್ನೊಂದು ಕೆಲಸಕ್ಕೆ ಬೆವರು ಬೇಡ, ಹೊತ್ತಿನ ಮೇಲೆ ನಿಗಾ ಬೇಕು. ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಕಟ್ಟಿದವರಿಗೆ, ಕುಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಕಟಾವಾದ 14 ದಿನಗಳೊಳಗೆ ಚಂಡಮಾರುತದ ಅಥವಾ ಅಕಾಲದ ಮಳೆಗೆ ಕೆಟ್ಟರೆ ಪರಿಹಾರ ಕೇಳುವ ಅವಕಾಶವಿದೆ. ಆದರೆ ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ಆ ಮೂರು ದಿನಗಳಲ್ಲಿ ರೈತ ಏನು ಮಾಡುತ್ತಿರುತ್ತಾನೆ? ಹೊಲದಲ್ಲಿ ನೀರು ಬಸಿಯುತ್ತಿರುತ್ತಾನೆ, ಸಿಕ್ಕಷ್ಟು ತೆನೆ ಹೊತ್ತು ತರುತ್ತಿರುತ್ತಾನೆ. ಅರ್ಜಿಯ ನೆನಪಾಗುವಷ್ಟರಲ್ಲಿ ನಾಲ್ಕನೆಯ ದಿನ ಬಂದಿರುತ್ತದೆ. ಓದಿದ ಹುಡುಗನೋ ಹುಡುಗಿಯೋ ಬೀದಿಗೊಬ್ಬರಾದರೂ ಇರುತ್ತಾರೆ. ಪಹಣಿ, ಆಧಾರ್, ವಿಮೆಯ ರಸೀದಿ ಕೇಳಿ ಪಡೆದು, ಹೊಲದ ಫೋಟೋ ತೆಗೆದು, ವಿಮೆಯವರಿಗೆ ಫೋನ್ ಮಾಡಿ, ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ ಬರಲು ಅವರಿಗೆ ಅರ್ಧ ದಿನ ಸಾಕು. ಅನ್ನದಾನ, ವಿದ್ಯಾದಾನಗಳ ಸಾಲಿನಲ್ಲೇ ಈ ಅರ್ಧ ದಿನವನ್ನೂ ಇಡಬೇಕೆಂದು ನನಗೆ ಅನಿಸುತ್ತದೆ. ಬೇರೆಯವರ ಜಮೀನನ್ನು ವಾರಕ್ಕೆ ಮಾಡುವವರ ವಿಷಯದಲ್ಲಿ ಜಮೀನಿನ ಒಡೆಯರು ತಾವಾಗಿ ಮುಂದೆ ಬಂದು ಕಾಗದ ಕೊಡುವುದು ನ್ಯಾಯ.

ಇನ್ನು ಕೆಲವು ಕಷ್ಟಗಳು ವಾರಗಳು ಕಳೆದ ಮೇಲೆ ಬರುತ್ತವೆ. ಶಿರಾ, ಪಾವಗಡದ ಗೊಲ್ಲರಹಟ್ಟಿಗಳಲ್ಲಿ, ಕುರುಬರ ಮನೆಗಳಲ್ಲಿ ಕುರಿಯೇ ಬ್ಯಾಂಕು. ಸೋನೆಯಲ್ಲಿ ನೆನೆದ ಎಳೆ ಮರಿಗಳು ಚಳಿಗೆ ಅಲ್ಲೇ ಸಾಯುತ್ತವೆ, ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ನೀಲಿ ನಾಲಿಗೆ ರೋಗ. ಹಿಂಗಾರು ಮಳೆಯಲ್ಲಿ ರೊಪ್ಪದ ಕೆಸರು, ಗೊಬ್ಬರದಲ್ಲಿ ಹುಟ್ಟುವ ಸಣ್ಣ ನುಸಿಗಳು ಅದನ್ನು ಕುರಿಯಿಂದ ಕುರಿಗೆ ಹರಡುತ್ತವೆ. ಮೊದಲು ಜ್ವರ, ಆಮೇಲೆ ಮುಖ ಊದುತ್ತದೆ, ಬಾಯಲ್ಲಿ ಜೊಲ್ಲು, ಕಾಲು ಕುಂಟು. ಲಸಿಕೆ ಇದೆ, ಆದರೆ ಅದನ್ನು ಮಳೆಗೆ ಮುಂಚೆಯೇ ಹಾಕಿಸಬೇಕು. ನುಸಿ ಹೊತ್ತು ಮುಳುಗಿದ ಮೇಲೆ ಕಚ್ಚುವುದರಿಂದ ರೊಪ್ಪವನ್ನು ಒಣ ಜಾಗಕ್ಕೆ ಬದಲಿಸಿ ಸಂಜೆ ಹೊಗೆ ಹಾಕುವುದನ್ನಂತೂ ಬಿಡಬಾರದು. ಕುಡಿಯುವ ನೀರಿನ ಕಷ್ಟ ಮಾತ್ರ ಮಳೆಯ ದಿನಗಳಲ್ಲೇ ಶುರುವಾಗುತ್ತದೆ. ಪಾವಗಡದ ನೆಲದ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಎಷ್ಟೋ ಊರುಗಳ ಜನ ಶುದ್ಧ ನೀರಿನ ಘಟಕದ ಕ್ಯಾನನ್ನೇ ನಂಬಿದ್ದಾರೆ. ಕಂಬ ಬಿದ್ದು ಕರೆಂಟು ಹೋದರೆ ಘಟಕವೂ ನಿಲ್ಲುತ್ತದೆ. ಸುತ್ತ ನೀರೋ ನೀರು, ಕುಡಿಯಲು ಬಿಂದಿಗೆ ನೀರಿಲ್ಲ. ವಾಯುಭಾರ ಕುಸಿತದ ಸುದ್ದಿ ಕೇಳಿದ ದಿನವೇ ನಾಲ್ಕು ಕ್ಯಾನು ತುಂಬಿಸಿಟ್ಟುಕೊಳ್ಳುವ ಮನೆಯವರು, ಬಾಣಂತಿಯೋ ಮುದುಕರೋ ಇರುವ ಪಕ್ಕದ ಮನೆಗೂ ಒಂದು ತುಂಬಿಸಿಡಲಿ. ಹೆಂಚಿನಿಂದ ಇಳಿದ ನೀರನ್ನು ಶೋಧಿಸಿ, ಕುದಿಸಿ ಕುಡಿಯಲಿ.

ಈ ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು ಬಹಳ. ಮಳೆಯ ದಿನ ನೀವು ಫೋನ್ ಮಾಡುತ್ತೀರಿ, ಅದು ಪ್ರೀತಿಯೇ. ಬಿಸಿಲು ಬಿದ್ದ ವಾರದ ಮೇಲೆ ಇನ್ನೊಂದು ಸಲ ಮಾಡಿ. ‘ಮಳೆ ಹೆಂಗೈತೆ’ ಎಂದು ಕೇಳಿದರೆ ಅಪ್ಪ ‘ನಿಂತೋಯ್ತು ಬಿಡಪ್ಪ, ಏನಿಲ್ಲ’ ಎಂದು ಇಟ್ಟುಬಿಡುತ್ತಾರೆ, ನಿಮಗೆ ಚಿಂತೆ ಹತ್ತಿಸುವ ಮನಸ್ಸು ಅವರಿಗಿಲ್ಲ. ಹಿತ್ತಿಲ ಗೋಡೆಯ ಬುಡ ಒಣಗಿತೇ, ರಾಗಿಯನ್ನು ಎಲ್ಲಿ ಹರವಿದ್ದೀರಿ, ವಿಮೆಯವರಿಗೆ ತಿಳಿಸಿದ ನಂಬರು ಬರೆದಿಟ್ಟುಕೊಂಡಿರಾ, ಅವ್ವನಿಗೆ ಕೆಮ್ಮು ಹೇಗಿದೆ ಎಂದು ಒಂದೊಂದಾಗಿ ಕೇಳಿ. ಆಗ ಬಾಯಿ ಬಿಡುತ್ತಾರೆ. ಆ ವಾರ ಕೂಲಿಗೆ ಆಳು ಸಿಗುವುದು ಕಷ್ಟ, ಎಲ್ಲರ ಹೊಲದಲ್ಲೂ ಅದೇ ಕೆಲಸ. ಸಾಧ್ಯವಾದರೆ ಶನಿವಾರ ರಾತ್ರಿಯ ಬಸ್ಸಿಗೇ ಹೊರಟು ಬನ್ನಿ, ಬರುವಾಗ ಒಂದು ದೊಡ್ಡ ಟಾರ್ಪಾಲು ತನ್ನಿ. ನಿಮ್ಮ ಮನೆಯ ತೆನೆ ತಿರುವಿ ಮುಗಿದರೆ ಪಕ್ಕದ ಹೊಲದಲ್ಲೂ ಕೆಲಸ ಇರುತ್ತದೆ.